ಹಳೆ ಲಾಂಗ್‌ಬೋ ಕೊಳ್ಳುವ ಮುಂಚೆ ಕೈಯನ್ನು ಕೇಳಿ

(ಚಿಕ್ಕಮಗಳೂರಿನಲ್ಲಿ ಒಂದು ಭಾನುವಾರ ಬೆಳಗ್ಗೆ, ಬಿಲ್ಲಿನಲ್ಲಿ ಆಸಕ್ತಿ ಇರುವ ಗೆಳೆಯರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ಇನ್ನೂ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಾರವಿಡೀ ಮಳೆ ಹೊಯ್ದು ಇವತ್ತು ಬಿಸಿಲು ಬಂದಿದೆ. ಇಂಥ ದಿನ ತೋಟದ ಕೆಲಸ ಬಿಟ್ಟು ಬಂದಿದ್ದೀರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ತೋಟದಲ್ಲಿ ಗುಂಡಿ ತೆಗೆಯುವುದನ್ನು ನೆನಪು ಮಾಡಿಕೊಳ್ಳಿ. ಹಾರೆ ಎತ್ತಿ ಹಾಕುತ್ತೀರಿ. ಮೆತ್ತಗಿನ ಮಣ್ಣಾದರೆ ಹಾರೆ ಸರಕ್ಕನೆ ಒಳಗಿಳಿಯುತ್ತದೆ, ಕೈಗೆ ಏನೂ ಗೊತ್ತಾಗುವುದಿಲ್ಲ. ಅದೇ ಹಾರೆ ಮಣ್ಣಿನಡಿ ಅಡಗಿದ ಕಲ್ಲಿಗೆ ಬಿತ್ತು ಅಂದುಕೊಳ್ಳಿ. ಅಂಗೈಯಿಂದ ಮೊಣಕೈವರೆಗೆ ಜುಂ ಅನ್ನುತ್ತದೆ. ಎತ್ತಿದ ಎತ್ತರ ಅದೇ, ಹಾಕಿದ ಬಲ ಅದೇ. ಆದರೆ ಆ ಬಲ ಹೋಗಬೇಕಾದ ಕಡೆ ಹೋಗಲಿಲ್ಲ, ತಿರುಗಿ ಕೈಗೇ ಬಂತು. ಲಾಂಗ್‌ಬೋದಿಂದ, ಅಂದರೆ ಆಳೆತ್ತರದ ಉದ್ದ ಬಿಲ್ಲಿನಿಂದ, ಬಾಣ ಬಿಟ್ಟ ಗಳಿಗೆಯಲ್ಲಿ ಬಿಲ್ಲು ಹಿಡಿದ ಕೈಗೆ ಬರುವ ಏಟೂ ಇದೇ ಜಾತಿಯದು. ಬಿಲ್ಲುಗಾರರು ಅದನ್ನು ಹ್ಯಾಂಡ್‌ಶಾಕ್ ಅನ್ನುತ್ತಾರೆ. ನಾನೂ ಅದೇ ಮಾತು ಬಳಸುತ್ತೇನೆ.

ಹೆದೆ ಎಳೆದಾಗ ನಮ್ಮ ಬಲ ಬಿಲ್ಲಿನ ಎರಡು ತೋಳುಗಳಲ್ಲಿ, ಅಂದರೆ ಲಿಂಬ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಬಿಟ್ಟ ಕೂಡಲೇ ಅದರಲ್ಲಿ ಹೆಚ್ಚಿನ ಪಾಲು ಬಾಣಕ್ಕೆ ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ, ಎಷ್ಟು ಒಳ್ಳೆಯ ಬಿಲ್ಲಾದರೂ. ಲಿಂಬ್‌ಗಳಿಗೂ ತೂಕ ಇದೆ, ಹೆದೆಗೂ ತೂಕ ಇದೆ. ಅವೂ ಮುಂದಕ್ಕೆ ಓಡಿರುತ್ತವೆ. ಬಾಣ ಹೆದೆ ಬಿಟ್ಟು ಹೋಯಿತು. ಲಿಂಬ್‌ಗಳು ಎಲ್ಲಿ ಹೋಗಬೇಕು? ಹೆದೆ ಬಿಗಿದುಕೊಂಡು ಅವನ್ನು ತಟ್ಟನೆ ನಿಲ್ಲಿಸುತ್ತದೆ. ಆ ನಿಂತ ಏಟು ಬಿಲ್ಲಿನ ಹಿಡಿಗೆ ಬರುತ್ತದೆ, ಹಿಡಿಯಿಂದ ನಮ್ಮ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ. ಬಿಲ್ಲು ಕೈಯಲ್ಲಿ ಒದ್ದ ಹಾಗಾಗುತ್ತದೆ, ಆಮೇಲೆ ಒಂದು ಕ್ಷಣ ನಡುಗುತ್ತದೆ.

ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲ ಇದರಿಂದಲೇ ಬರುತ್ತದೆ. ಹಳೆ ಬಿಲ್ಲು ನೋಡಲು ಹೋದಾಗ ಎಲ್ಲರೂ ಕೇಳುವುದು ಎಷ್ಟು ಪೌಂಡು, ಎಷ್ಟು ವೇಗ, ಯಾವ ಮರ. ಪೌಂಡು ಅಂದರೆ ಬಿಲ್ಲಿನ ತೂಕ ಅಲ್ಲ, ಹೆದೆ ಎಳೆಯಲು ಬೇಕಾದ ಬಲ. ನೀವು ಅದರ ಜೊತೆ ಇನ್ನೊಂದು ಕೇಳಿ: ಬಾಣಕ್ಕೆ ಹೋಗದೆ ಉಳಿದ ಬಲ ಎಲ್ಲಿಗೆ ಹೋಗುತ್ತಿದೆ? ಅದಕ್ಕೆ ಉತ್ತರ ಮಾರುವವರ ಹತ್ತಿರ ಇರುವುದಿಲ್ಲ, ನಿಮ್ಮ ಕೈಯಲ್ಲೇ ಇರುತ್ತದೆ.

ನನಗೆ ಇದು ತಡವಾಗಿ ಗೊತ್ತಾಯಿತು. ನಾನು ಮೊದಲು ತಗೊಂಡ ಸೆಕೆಂಡ್ ಹ್ಯಾಂಡ್ ಲಾಂಗ್‌ಬೋ 68 ಇಂಚು ಉದ್ದದ್ದು, 50 ಪೌಂಡಿನದು. ಹೆದೆ ಇಳಿಸಿದರೆ ಕೋಲಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಅಮೆರಿಕದ ಬಿಲ್ಲುಗಾರ ಹೊವಾರ್ಡ್ ಹಿಲ್ (1899–1975) ಇಂಥ ನೇರ ಬಿಲ್ಲಿಗೆ ದೊಡ್ಡ ಹೆಸರು ತಂದುಕೊಟ್ಟವರು. ಹಾಗಾಗಿ ಅದೇ ಬೇಕು ಅಂತ ಆಸೆ ಇತ್ತು. ಮಾರುವವರ ಮನೆ ಹಿಂದೆ ಮೂರು ಬಾಣ ಬಿಟ್ಟೆ. ಚೆನ್ನಾಗಿದೆ ಅನ್ನಿಸಿತು. ದುಡ್ಡು ಕೊಟ್ಟು ತಂದೆ. ದಿನಕ್ಕೆ ಅರವತ್ತು ಬಾಣದ ಲೆಕ್ಕದಲ್ಲಿ ಅಭ್ಯಾಸ ಶುರು ಮಾಡಿದೆ. ಮೂರನೇ ವಾರ ಒಂದು ಬೆಳಗ್ಗೆ ಕಾಫಿ ಲೋಟ ಎತ್ತಲು ಹೋದೆ. ಮೊಣಕೈಯ ಹೊರಬದಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು, ಲೋಟ ಕೆಳಗಿಟ್ಟೆ. ನಾಲ್ಕು ತಿಂಗಳು ಬಿಲ್ಲು ಮುಟ್ಟಲಿಲ್ಲ.

ಆ ನಾಲ್ಕು ತಿಂಗಳಲ್ಲಿ ಬಿಲ್ಲನ್ನೇ ಬೈದುಕೊಂಡೆ. ಆಮೇಲೆ ಒಂದು ದಿನ ಪರಿಚಯದ ಚಿನ್ನದಂಗಡಿಯಲ್ಲಿ ನನ್ನ ಬಾಣ ಇಟ್ಟು ತೂಗಿಸಿದೆ. ಹತ್ತೊಂಬತ್ತು ಗ್ರಾಂ. ಅಲ್ಲಿ ಕಣ್ಣು ತೆರೆಯಿತು.

ಈ ಲೆಕ್ಕ ನಿಧಾನವಾಗಿ ಹೇಳುತ್ತೇನೆ, ಇವತ್ತಿನ ಮಾತಿನಲ್ಲಿ ತುಂಬ ಉಪಯೋಗಕ್ಕೆ ಬರುವುದು ಇದೇ. ಬಾಣದ ತೂಕವನ್ನು ಬಿಲ್ಲುಗಾರರು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್. ಲಾಂಗ್‌ಬೋಗೆ ಪೌಂಡಿಗೆ 9ರಿಂದ 10 ಗ್ರೇನ್ ತೂಗುವ ಬಾಣ ಇದ್ದರೆ ಕೈಗೆ ಹಿತ. ನಮ್ಮ ಲೆಕ್ಕದಲ್ಲಿ ಪೌಂಡಿಗೆ ಸುಮಾರು 0.6 ಗ್ರಾಂ. ನೀವು ಎಳೆಯುವ ಪೌಂಡನ್ನು 0.6ರಿಂದ ಗುಣಿಸಿ, ಅಷ್ಟೇ. 40 ಪೌಂಡ್ ಎಳೆಯುವವರಿಗೆ 24 ಗ್ರಾಮಿನ ಆಸುಪಾಸಿನ ಬಾಣ ಬೇಕು. ಪೌಂಡಿಗೆ 5 ಗ್ರೇನಿಗೂ ಕೆಳಗೆ ಇಳಿದರೆ ಬಾಣವೇ ಇಲ್ಲದೆ ಹೆದೆ ಬಿಟ್ಟ ಹಾಗೆ, ಬಿಲ್ಲೇ ಒಡೆಯಬಹುದು. ಬಿಲ್ಲು 50 ಪೌಂಡಿನದಾದರೂ ನಾನು ಹೆದೆಯನ್ನು ಅಷ್ಟು ಹಿಂದಕ್ಕೆ ಎಳೆಯುವುದಿಲ್ಲ, ಹಾಗಾಗಿ ಎಳೆಯುತ್ತಿದ್ದದ್ದು 47 ಪೌಂಡ್. 19 ಗ್ರಾಮಿನ ಬಾಣ ಅಂದರೆ ಪೌಂಡಿಗೆ 6 ಗ್ರೇನ್ ಚಿಲ್ಲರೆ. ತೆಳ್ಳನೆಯ ಕಾರ್ಬನ್ ಬಾಣ, ಬಹಳ ವೇಗವಾಗಿ ಹೋಗುತ್ತಿತ್ತು. ಅದರ ಸಾಲ ನನ್ನ ಮೊಣಕೈ ತೀರಿಸುತ್ತಿತ್ತು.

ಭಾರದ ಬಾಣ ಹೆದೆಯ ಮೇಲೆ ಹೆಚ್ಚು ಹೊತ್ತು ಇರುತ್ತದೆ, ಲಿಂಬ್‌ಗಳ ಬಲವನ್ನು ಹೆಚ್ಚು ಹೀರಿಕೊಂಡು ಹೋಗುತ್ತದೆ. ಉಳಿಯುವುದು ಕಡಿಮೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ನೂರಾರು ವರ್ಷ ಹಳೆಯ ಲಾಂಗ್‌ಬೋಗಳು ಸಿಕ್ಕವು. ಅವುಗಳ ಎಳೆತ 100 ಪೌಂಡಿಗೂ ಮೇಲೆ ಇತ್ತು ಅನ್ನುತ್ತಾರೆ ಅಭ್ಯಾಸ ಮಾಡಿದವರು. ಜೊತೆಗೆ ಸಿಕ್ಕ ಬಾಣಗಳ ಕೋಲುಗಳು ಹೆಚ್ಚುಕಡಿಮೆ ಅರ್ಧ ಇಂಚು ದಪ್ಪ! ಅಷ್ಟು ಬಲದ ಬಿಲ್ಲಿಗೆ ಅಷ್ಟು ಭಾರದ ಬಾಣ. ಆ ಜನಕ್ಕೆ ಇದು ಗೊತ್ತಿತ್ತು.

ನಾನು 29 ಗ್ರಾಮಿನ ಮರದ ಬಾಣ ಹಾಕಿದೆ. ಏಟು ಅರ್ಧಕ್ಕೆ ಇಳಿಯಿತು. ಹಾಗಂತ ಸುಮ್ನೆ ಭಾರದ ಕೋಲು ಸಿಕ್ಕಿತು ಅಂತ ಹಾಕಬೇಡಿ. ಬಾಣದ ಬಾಗುವ ಗುಣ, ಸ್ಪೈನ್ ಅಂತಾರಲ್ಲ, ಅದೂ ಬಿಲ್ಲಿಗೆ ಹೊಂದಬೇಕು. ಅದೇ ಒಂದು ಬೇರೆ ಉಪನ್ಯಾಸದ ವಿಷಯ.

ಇನ್ನು ಹೆದೆ. ಹೆದೆ ಏರಿಸಿದ ಮೇಲೆ ಹಿಡಿಯ ಆಳವಾದ ಜಾಗದಿಂದ ಹೆದೆಗೆ ಎಷ್ಟು ದೂರ ಇದೆಯೋ ಅದು ಬ್ರೇಸ್ ಹೈಟ್. ಹಿಂದಿನ ಕಾಲದ ಇಂಗ್ಲಿಷ್ ಬಿಲ್ಲುಗಾರರು ಹಿಡಿಯ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳು ಮೇಲೆತ್ತಿ ಅಳೆಯುತ್ತಿದ್ದರು. ನಮ್ಮಲ್ಲಿ ಗೇಣು, ಮೊಳ ಅಂದ ಹಾಗೇ. ಲಾಂಗ್‌ಬೋಗಳಲ್ಲಿ ಇದು ಸಾಮಾನ್ಯವಾಗಿ 6ರಿಂದ ಏಳೂವರೆ ಇಂಚು. ನನ್ನ ಬಿಲ್ಲಿನಲ್ಲಿ 6 ಇಂಚಿಗೂ ಕೆಳಗಿತ್ತು, ಹಳೆ ಹೆದೆ ಹಿಗ್ಗಿ ಹೋಗಿತ್ತು. ಹೆದೆ ಬಿಚ್ಚಿ ಒಂದಷ್ಟು ಸುತ್ತು ಹೊಸೆದರೆ ಅದು ಗಿಡ್ಡವಾಗುತ್ತದೆ, ದೂರ ಹೆಚ್ಚುತ್ತದೆ. ಕಾಲು ಕಾಲು ಇಂಚು ಏರಿಸುತ್ತಾ ಹೋದೆ. ಆರೂಮುಕ್ಕಾಲಿನಲ್ಲಿ ಬಿಲ್ಲಿನ ಸದ್ದೇ ಬದಲಾಯಿತು. ಅಲ್ಲಿಯವರೆಗೆ 'ಟಣ್' ಅನ್ನುತ್ತಿದ್ದದ್ದು 'ಥಪ್' ಅಂತು. ಅದನ್ನೂ ದಾಟಿ ಏರಿಸಿದರೆ ಮತ್ತೆ ಕೆಡುತ್ತದೆ. ಪ್ರತಿ ಬಿಲ್ಲಿಗೂ ಅದರದೇ ಒಂದು ಜಾಗ ಇರುತ್ತದೆ, ಕಿವಿ ಕೊಟ್ಟರೆ ಸಿಗುತ್ತದೆ.

ಹೆದೆಯ ಜಾತಿಯನ್ನೂ ಕೇಳಿ. ಹಳೆಯ ಬಿಲ್ಲುಗಳಿಗೆ ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನ ಹೆದೆ ಸರಿ. ಅದು ಸ್ವಲ್ಪ ಹಿಗ್ಗುತ್ತದೆ, ಕೊನೆಯ ಏಟನ್ನು ಮೆತ್ತಗೆ ಮಾಡುತ್ತದೆ. ಈಗಿನ ಹಿಗ್ಗದ ನೂಲಿನ ಹೆದೆಗಳು ವೇಗ ಕೊಡುತ್ತವೆ, ಆದರೆ ಅವಕ್ಕಾಗಿ ಮಾಡದ ಬಿಲ್ಲಿನ ತುದಿಯನ್ನು ಸೀಳಿಬಿಡಬಹುದು. ಇಂಥ ಹೆದೆ ಹಾಕಬಹುದಾ ಅನ್ನುವುದು ಖಾತ್ರಿ ಇಲ್ಲದಿದ್ದರೆ ಡೇಕ್ರಾನೇ ಹಾಕಿ.

ಮೂರನೆಯದು ನಮ್ಮ ಕೈ. ಬಿಲ್ಲು ಒದೆಯುತ್ತದೆ ಅಂತ ಗೊತ್ತಾದ ಕೂಡಲೇ ಕೈ ತಾನಾಗಿ ಬಿಗಿಯುತ್ತದೆ. ಬಿಗಿದಷ್ಟೂ ಏಟು ಒಳಗೆ ಹೋಗುತ್ತದೆ. ಮೊಣಕೈಯನ್ನು ಪೂರ್ತಿ ಚಾಚಿ ಲಾಕ್ ಮಾಡಿದರೆ ಹೆಗಲವರೆಗೆ ದಾರಿ ಮಾಡಿಕೊಟ್ಟ ಹಾಗೆ. ಮೊಣಕೈ ಒಂಚೂರು ಸಡಿಲ ಇರಲಿ. ಒತ್ತಡ ಹೆಬ್ಬೆರಳಿನ ಬುಡದ ದಪ್ಪ ಮಾಂಸದ ಮೇಲೆ ಬರಲಿ. ಬೆರಳು ಸುತ್ತಿಕೊಂಡಿರಬೇಕು, ಹಿಸುಕಬಾರದು. ಬಟ್ಟೆ ತುಂಬಿದ ಕೈಚೀಲದ ಹಿಡಿ ಹಿಡಿಯುತ್ತೀವಲ್ಲ, ಅಷ್ಟು ಸಾಕು.

ಈ ಮೂರೂ ಸರಿ ಮಾಡಿದ ಮೇಲೂ ನನ್ನ ಆ ಬಿಲ್ಲಿನಲ್ಲಿ ಒಂದು ಗುದ್ದು ಉಳಿಯಿತು. ಮೂವತ್ತನೇ ಬಾಣದ ಹೊತ್ತಿಗೆ ಮಣಿಕಟ್ಟು ಹೇಳುತ್ತಿತ್ತು, ಸಾಕು ಅಂತ. ಅದು ಬಿಲ್ಲಿನ ಹುಟ್ಟುಗುಣ. ಅದನ್ನು ಯಾವ ಹೆದೆಯೂ ಯಾವ ಬಾಣವೂ ತೆಗೆಯಲಾರದು. ಇವತ್ತು ನಾನು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ಬಾಣದ ತಪ್ಪು, ಹೆದೆಯ ತಪ್ಪು, ಕೈಯ ತಪ್ಪು ಇವನ್ನು ಒಂದೊಂದಾಗಿ ಕಳೆದುಬಿಡಿ. ಆಮೇಲೂ ಉಳಿಯುವ ಏಟಿಗೆ ಮಾತ್ರ ಬಿಲ್ಲನ್ನು ಹೊಣೆ ಮಾಡಿ. ಆ ಏಟು ನಿಮಗೆ ಆಗದಿದ್ದರೆ ಎಷ್ಟೇ ಚಂದದ ಮರ ಇರಲಿ, ಎಷ್ಟೇ ಕಡಿಮೆಗೆ ಕೊಡಲಿ, ಬಿಟ್ಟು ಬನ್ನಿ.

ಬಿಲ್ಲಿನ ಹುಟ್ಟುಗುಣ ನೋಡಿದ ಕೂಡಲೇ ಒಂದಷ್ಟು ತಿಳಿಯುತ್ತದೆ. ನಾನು ಮೊದಲು ನೋಡುವುದು ತುದಿ. ಬಾಣ ಬಿಟ್ಟಾಗ ಲಿಂಬಿನಲ್ಲಿ ತುಂಬ ವೇಗವಾಗಿ ಓಡುವುದು ತುದಿ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಹಾಗಾಗಿ ಹಿಡಿಯ ಹತ್ತಿರ ಹತ್ತು ಗ್ರಾಂ ಜಾಸ್ತಿ ಇದ್ದರೆ ಏನೂ ಆಗುವುದಿಲ್ಲ, ತುದಿಯಲ್ಲಿ ಎರಡು ಗ್ರಾಂ ಜಾಸ್ತಿ ಇದ್ದರೆ ಕೈಗೆ ಗೊತ್ತಾಗುತ್ತದೆ. ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ. ಕಿರುಬೆರಳಿಗಿಂತ ಅಗಲವಾಗಿ, ಮೊಂಡಾಗಿ ಇದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಕೆಲವರು ಅಂದಕ್ಕೆ ಅಂತ ದೊಡ್ಡ ಕೊಂಬಿನ ತುದಿ ಹಾಕಿಸಿರುತ್ತಾರೆ. ನೋಡಲು ಸೊಗಸು. ಆ ಸೊಗಸಿನ ಭಾರ ಪ್ರತಿ ಬಾಣಕ್ಕೂ ಕೈಗೆ ಬರುತ್ತದೆ.

ಆಮೇಲೆ ಆಕಾರ. ಹಿಡಿಯ ಹತ್ತಿರ ಲಿಂಬ್ ನಮ್ಮ ಕಡೆ ಸ್ವಲ್ಪ ಬಾಗಿ, ತುದಿಗೆ ಬರುವಾಗ ಗುರಿಯ ಕಡೆ ಮೆಲ್ಲಗೆ ತಿರುಗಿದ್ದರೆ ಅದು ರಿಫ್ಲೆಕ್ಸ್-ಡಿಫ್ಲೆಕ್ಸ್ ಬಿಲ್ಲು. ಸಾಮಾನ್ಯವಾಗಿ ಇವು ಕೈಗೆ ಮೃದು. ನೇರ ಕೋಲಿನಂಥವು ಜಾಸ್ತಿ ಒದೆಯುತ್ತವೆ. ಆದರೆ ಒಂದು ವಿಶೇಷ ಇದೆ. ವರ್ಷಗಟ್ಟಲೆ ಬಳಸಿದ ಮರದ ಬಿಲ್ಲು ಹೆದೆ ಇಳಿಸಿದ ಮೇಲೂ ಎಳೆದ ಕಡೆಗೇ ಸ್ವಲ್ಪ ಬಾಗಿಕೊಂಡು ಉಳಿಯುತ್ತದೆ. ಹೊಸಬರು ಅದನ್ನು ನೋಡಿ ಬಿಲ್ಲು ಸೋತಿದೆ ಅನ್ನುತ್ತಾರೆ. ನಿಜ, ವೇಗ ಕಡಿಮೆ ಆಗಿರುತ್ತದೆ. ಆದರೆ ಅಂಥ ಬಿಲ್ಲು ಬಿಟ್ಟಾಗ ಕೈಯಲ್ಲಿ ಎಷ್ಟು ಸಮಾಧಾನ ಅಂದರೆ, ದಿನವಿಡೀ ಬಿಡಬಹುದು. ಬಾಗು ಎರಡೂ ಲಿಂಬಿನಲ್ಲಿ ಸಮನಾಗಿದ್ದು ಬಿರುಕು ಇಲ್ಲದಿದ್ದರೆ ಅದನ್ನು ಕಡೆಗಣಿಸಬೇಡಿ. ನನಗೆ ಅಂಥ ಬಿಲ್ಲುಗಳ ಮೇಲೆ ಪ್ರೀತಿ ಇದೆ, ಮುಚ್ಚಿಡುವುದಿಲ್ಲ.

ಎರಡು ಲಿಂಬ್‌ಗಳು ಒಟ್ಟಿಗೆ ಬಂದು ನಿಲ್ಲಬೇಕು, ಜೋಡಿ ಎತ್ತುಗಳು ಹೆಜ್ಜೆ ಹಾಕಿದ ಹಾಗೆ. ಒಂದು ಮುಂದೆ, ಒಂದು ಹಿಂದೆ ಆದರೆ ಗಾಡಿ ಎಳೆದಾಡುತ್ತದೆ. ಬಿಲ್ಲು ಕೈಯಲ್ಲಿ ಮೇಲಕ್ಕೋ ಕೆಳಕ್ಕೋ ಹಾರಿದ ಹಾಗನ್ನಿಸಿದರೆ ಇದೇ ಕಾರಣ ಇರಬಹುದು. ಹೆದೆಯ ಮೇಲೆ ಬಾಣ ಕೂರಿಸುವ ಜಾಗವನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಒಂದೊಂದು ಸಲ ಸರಿಹೋಗುತ್ತದೆ. ಹೋಗದಿದ್ದರೆ ಬಿಲ್ಲು ಮಾಡಿದವರ ಕೈಗೇ ಹೋಗಬೇಕು.

ಹೋದ ವರ್ಷ ಸಕಲೇಶಪುರದ ಕಡೆ ಒಂದು ಮನೆಗೆ ಬಿಲ್ಲು ನೋಡಲು ಹೋಗಿದ್ದೆ. ಅವತ್ತು ಮಾಡಿದ್ದನ್ನು ಹಾಗೇ ಹೇಳುತ್ತೇನೆ. ಅವರು ಬಿಲ್ಲು ಕೈಗೆ ಕೊಟ್ಟರು. ನಾನು ಮೊದಲು ಕೇಳಿದ್ದು, "ಮಳೆಗಾಲದಲ್ಲಿ ಎಲ್ಲಿಡ್ತಿದ್ರಿ?" ನಮ್ಮ ಮಲೆನಾಡಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಮರ ತೇವ ಕುಡಿದರೆ ಬಿಲ್ಲು ಮೆತ್ತಗಾಗುತ್ತದೆ. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಅತಿಯಾಗಿ ಒಣಗಿ ಸೀಳುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಅಂಟು ಸಡಿಲವಾಗಿ ಪದರ ಬಿಡಬಹುದು. ಅವರು ಒಳಕೋಣೆಯ ಗೋಡೆಯಲ್ಲಿ ಎರಡು ಗೂಟ ತೋರಿಸಿದರು, ಹೆದೆ ಇಳಿಸಿ ಅಡ್ಡ ಮಲಗಿಸಿಡುತ್ತಿದ್ದರಂತೆ. ಅರ್ಧ ಧೈರ್ಯ ಅಲ್ಲೇ ಬಂತು.

ಜೇಬಿನಲ್ಲಿ ಹತ್ತಿ ಇಟ್ಟುಕೊಂಡಿದ್ದೆ. ಲಿಂಬಿನ ಅಂಚಿನ ಮೇಲೆ ಮೆಲ್ಲಗೆ ಎಳೆದೆ. ಸೀಳು ಎದ್ದಿದ್ದರೆ ಹತ್ತಿ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಎಳೆಯಬೇಡಿ, ಕೆಲವು ಬಿಲ್ಲಿಗೆ ಮರದ ಮೇಲೆ ಫೈಬರ್‌ಗ್ಲಾಸ್ ಪದರ ಅಂಟಿಸಿರುತ್ತಾರೆ, ಅದರ ಚೂರು ಹೊಕ್ಕರೆ ತೆಗೆಯುವುದು ಕಷ್ಟ. ಆಮೇಲೆ ಕಿಟಕಿ ಹತ್ತಿರ ಹಿಡಿದು ಲಿಂಬಿನ ಎರಡೂ ಮುಖ ನೋಡಿದೆ. ಅಡ್ಡಗೆರೆ ಹುಡುಕುತ್ತಿದ್ದೆ. ಮರದ ಬಿಲ್ಲಿನಲ್ಲಾಗಲಿ, ಗ್ಲಾಸ್ ಹಾಕಿದ ಬಿಲ್ಲಿನಲ್ಲಾಗಲಿ, ಲಿಂಬಿಗೆ ಅಡ್ಡಲಾಗಿ ಬಿರುಕು ಕಂಡರೆ ಅದನ್ನು ಎಳೆದು ನೋಡಲೂ ಹೋಗಬೇಡಿ. ಮುಖಕ್ಕೇ ಒಡೆಯುತ್ತದೆ.

ಹೆದೆ ಏರಿಸಿದ ಮೇಲೆ ಒಂದು ತುದಿಯಿಂದ ಕಣ್ಣಿಟ್ಟು ನೋಡಿದೆ, ಹೆದೆ ಎರಡೂ ಲಿಂಬಿನ ನಡುವೆ ಹಾಯುತ್ತದಾ ಅಂತ. ಕಾಲಿನ ನಡುವೆ ಬಿಲ್ಲು ಸಿಕ್ಕಿಸಿ ಹೆದೆ ಏರಿಸುವ ಅಭ್ಯಾಸದಿಂದ ಎಷ್ಟೋ ಬಿಲ್ಲುಗಳು ತಿರುಚಿಕೊಂಡಿವೆ. ಸ್ಟ್ರಿಂಗರ್ ಅಂತ ಒಂದು ಹಗ್ಗ ಬರುತ್ತದೆ, ಅದನ್ನೇ ಬಳಸಿ. ಇದು ನೆಟ್ಟಗಿತ್ತು.

ಇನ್ನು ಪೌಂಡು. ಬಿಲ್ಲಿನ ಮೇಲೆ 28 ಇಂಚಿಗೆ 40 ಅಂತ ಬರೆದಿತ್ತು, ಅಂದರೆ 28 ಇಂಚಿನ ಎಳೆತಕ್ಕೆ 40 ಪೌಂಡು. ಹಳೆ ಬಿಲ್ಲಿನ ಬರಹ ನಂಬಬಾರದು. ಕೊಕ್ಕೆ ಇರುವ ಲಗೇಜ್ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ನನ್ನ ಎಳೆತದಷ್ಟು ಎಳೆಸಿದೆ. ಹದಿನೇಳು ಕೆಜಿ ತೋರಿಸಿತು. ಕೆಜಿಯನ್ನು 2.2ರಿಂದ ಗುಣಿಸಿದರೆ ಪೌಂಡು, ಅಂದರೆ 37 ಚಿಲ್ಲರೆ. ನಾನು ಎಳೆಯುವುದು 27 ಇಂಚು. ಒಂದು ಇಂಚಿಗೆ ಎರಡರಿಂದ ಮೂರು ಪೌಂಡು ವ್ಯತ್ಯಾಸ ಬರುತ್ತದೆ. ಲೆಕ್ಕ ಹೊಂದಿತು. ನಾನೇ ತಂದಿದ್ದ 23 ಗ್ರಾಮಿನ ಬಾಣ ಹಾಕಿದೆ.

ಮೂರು ಬಾಣಕ್ಕೆ ಏನೂ ತಿಳಿಯುವುದಿಲ್ಲ. ಮೊದಲ ಮೂರು ಬಾಣದಲ್ಲಿ ನಮ್ಮ ಮನಸ್ಸು ಗುರಿಯ ಮೇಲೆ ಇರುತ್ತದೆ, ಆಸೆಯ ಮೇಲೆ ಇರುತ್ತದೆ. ಮನೆಯವರನ್ನು ಕೇಳಿಕೊಂಡು ಮೂವತ್ತು ಬಾಣ ಬಿಟ್ಟೆ. ಹತ್ತು ಹೆಜ್ಜೆ ದೂರದಲ್ಲಿ ಹುಲ್ಲಿನ ಕಂತೆ, ಹಿಂದೆ ಮಣ್ಣಿನ ದಿಬ್ಬ. ಕೊನೆಯ ಹತ್ತನ್ನು ಗುರಿಯ ಕಡೆ ಗಮನ ಕೊಡದೆ, ಕೈಯ ಮೇಲೆ ಗಮನ ಇಟ್ಟು ಬಿಟ್ಟೆ. ಬಾಣ ಬಿಟ್ಟ ಮೇಲೆ ಬಿಲ್ಲು ಮುಂದಕ್ಕೆ ಒಂದು ಬೆರಳಷ್ಟು ಜಾರಿದ ಹಾಗಾಗಿ ಸುಮ್ಮನಾಗುತ್ತಿತ್ತು. ಒದೆತ ಇಲ್ಲ, ನಡುಕ ಇಲ್ಲ. ಆಮೇಲೆ ಜಗಲಿಯಲ್ಲಿ ಕೂತು ಕಾಫಿ ಕುಡಿದೆವು. ಬಿಲ್ಲು ಹಿಡಿದ ಕೈಯಲ್ಲೇ ಲೋಟ ಎತ್ತಿದೆ, ಬೇಕಂತಲೇ. ಮಾರನೇ ದಿನ ಬೆಳಗ್ಗೆ ಮೊಣಕೈ ಒತ್ತಿ ನೋಡಿಕೊಂಡು ಆಮೇಲೆ ಫೋನ್ ಮಾಡಿ ತಗೊಳ್ತೀನಿ ಅಂದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದ್ದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಹೆಣ್ಣುಮಗಳು ಕೇಳಿದರು, "ಸರ್, ನನ್ನ ಎಳೆತ 25 ಇಂಚು. 45 ಪೌಂಡಿನದು ಕಡಿಮೆಗೆ ಸಿಗ್ತಿದೆ, ತಗೋಬಹುದಾ?" ಬಿಲ್ಲಿನ ಮೇಲೆ ಬರೆದದ್ದು 28 ಇಂಚಿಗೆ. ಮೂರು ಇಂಚು ಕಡಿಮೆ ಎಳೆದರೆ ಅವರ ಬೆರಳಿಗೆ ಬರುವುದು ಸುಮಾರು 37, 38. ಈಗ ಅವರು ಅಭ್ಯಾಸ ಮಾಡುತ್ತಿರುವುದು 26 ಪೌಂಡಿನಲ್ಲಿ. ಬೇಡಮ್ಮ, ಅಂದೆ. ಭಾರದ ಬಿಲ್ಲು ಎಳೆಯಲು ಕಷ್ಟಪಡುವಾಗ ಕೈ ಬಿಗಿಯುತ್ತದೆ, ಆಗ ಒಳ್ಳೆಯ ಬಿಲ್ಲೂ ಒದೆಯುತ್ತದೆ. ಬಿಲ್ಲಿನ ಉದ್ದವನ್ನೂ ನೋಡಿ ಅಂದೆ. ಗಿಡ್ಡ ಬಿಲ್ಲಿನಲ್ಲಿ ಪೂರ್ತಿ ಎಳೆದಾಗ ಹೆದೆಯ ಕೋನ ಚೂಪಾಗಿ ಬೆರಳು ಹಿಸುಕಿದ ಹಾಗಾಗುತ್ತದೆ. 66 ಇಂಚಿನ ಆಸುಪಾಸು ಅವರಿಗೆ ಆರಾಮ.

ಹೆದೆಗೆ ಉಣ್ಣೆಯ ಗುಚ್ಛ ಕಟ್ಟಿದರೆ ಏಟು ಕಡಿಮೆ ಆಗುತ್ತದಾ ಅಂತ ಒಬ್ಬರು ಕೇಳಿದರು. ಸದ್ದು ಕಡಿಮೆ ಆಗುತ್ತದೆ. ಏಟಿಗೆ ಅದು ಅಂಥ ಔಷಧ ಅಲ್ಲ. ಮಾರುವವರು ಹಿಡಿಗೆ ದಪ್ಪ ರಬ್ಬರ್ ಸುತ್ತಿದ್ದರೆ ಮಾತ್ರ ಬಿಚ್ಚಿಸಿ ನೋಡಿ, ಒಳಗೆ ಏನಿದೆ ಅಂತ.

ಹಿಂದಿನ ಸಾಲಿನ ಒಬ್ಬ ಹುಡುಗ ಕಾಡುಹಂದಿಯ ಮಾತೆತ್ತಿದ. ಹಂದಿ ತೋಟ ಹಾಳು ಮಾಡುವ ಸಂಕಟ ನನಗೂ ಗೊತ್ತು. ಆದರೆ 1972ರ ವನ್ಯಜೀವಿ ಕಾಯ್ದೆ ಇದೆ, ಬಿಲ್ಲಿನಲ್ಲಿ ಬೇಟೆ ಆಡುವ ಹಾಗಿಲ್ಲ. ನಮ್ಮ ಬಾಣ ಹುಲ್ಲಿನ ಕಂತೆಗೆ ಮಾತ್ರ.

ಸಭೆ ಮುಗಿದ ಮೇಲೆ ಮೂಡಿಗೆರೆ ಕಡೆಯ ಹಿರಿಯರೊಬ್ಬರು ಬಟ್ಟೆಯಲ್ಲಿ ಸುತ್ತಿದ ಬಿಲ್ಲು ತಂದು ಕೊಟ್ಟರು. "ಇದು ಕೈ ಮುರಿಯತ್ತೆ ಮಾರಾಯ್ರೆ, ಯಾರಿಗಾದ್ರೂ ಕೊಟ್ಬಿಡಿ" ಅಂದರು. ಎಲ್ಲರೂ ಹೊರಗೆ ಬಯಲಿಗೆ ಹೋದೆವು. ಬಿರುಕು ಇರಲಿಲ್ಲ. ತುದಿ ಸಣ್ಣಗಿತ್ತು. ಬ್ರೇಸ್ ಹೈಟ್ ಅಳೆದರೆ ಐದೂಕಾಲು ಇಂಚು. ಹೆದೆ ಬಿಚ್ಚಿ ಹದಿನೈದು ಸುತ್ತು ಹೊಸೆದೆ, ಆರರ ಹತ್ತಿರ ಬಂತು. ಇನ್ನೊಂದು ಹತ್ತು ಸುತ್ತು ಹಾಕಿದೆ. ಬಿಲ್ಲು ಅವರ ಕೈಗೆ ಕೊಟ್ಟು, ಭಾರದ ಬಾಣ ಒಂದು ಕೊಟ್ಟು, ಬೆರಳು ಸಡಿಲ ಬಿಡಿ ಅಂದೆ. ಬಿಟ್ಟರು. ಬಾಣ ಕಂತೆಗೆ ನಾಟಿತು. ಅವರು ಬಾಣದ ಕಡೆ ನೋಡಲಿಲ್ಲ, ತಮ್ಮ ಕೈಯನ್ನೇ ನೋಡುತ್ತಾ ನಿಂತರು. ಇನ್ನೊಂದು ಬಿಟ್ಟರು, ಮತ್ತೊಂದು ಬಿಟ್ಟರು. ಆಮೇಲೆ ಬಿಲ್ಲನ್ನು ಅದೇ ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಸೇರಿಸಿಕೊಂಡು, "ಬಾಣ ತೂಗಿಸೋಕೆ ಚಿನ್ನದಂಗಡಿ ಎಷ್ಟು ಗಂಟೆವರೆಗೆ ತೆಗ್ದಿರತ್ತೆ?" ಅಂತ ಕೇಳಿದರು.